ಮೀನಿನ ಅಸಲೂ ಬಡ್ಡಿಯೂ

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸುತ್ತಣ ನೆಲವು ಎರಡು ಬಗೆಯ ಸಂಪತ್ತಿಗೆ ಹೆಸರಾಗಿದೆ. ಒಂದು, ನೆಲದೊಳಗಿನ ಸುಣ್ಣಕಲ್ಲು; ಇನ್ನೊಂದು, ನೆಲದ ಮೇಲೆ ಬೆಳೆಯುವ ತೊಗರಿ. ಗಣಿಯಿಂದ ತೆಗೆದ ಕಲ್ಲು ಮನೆಗಳಿಗೆ ಫರಸಿಯಾಗುತ್ತದೆ, ಕಾರ್ಖಾನೆಗಳಲ್ಲಿ ಸಿಮೆಂಟಾಗುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಹಬ್ಬಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತು ಗಟ್ಟಿಯಾದ ಕಲ್ಲಿದು. ಒಂದು ಬಂಡಿ ಕಲ್ಲನ್ನು ತೆಗೆದರೆ ಗಣಿಯಲ್ಲಿ ಒಂದು ಬಂಡಿ ಕಲ್ಲು ಕಡಮೆಯಾಯಿತು. ಅದು ಮತ್ತೆ ಬೆಳೆಯುವುದಿಲ್ಲ. ತೊಗರಿಯ ವಿಷಯ ಹಾಗಲ್ಲ. ಅದು ವರ್ಷವರ್ಷವೂ ಬೆಳೆಯುತ್ತದೆ. ಆದರೆ ಅದಕ್ಕೊಂದು ನಿಬಂಧನೆಯುಂಟು. ಬೀಜಕ್ಕೆಂದು ಒಂದಿಷ್ಟು ಕಾಳನ್ನು ಎತ್ತಿಡಬೇಕು. ಬೀಜದ ಕಾಳನ್ನೂ ಬೇಯಿಸಿ ಉಂಡವನಿಗೆ ಮುಂದಿನ ಮುಂಗಾರಿನಲ್ಲಿ ಬಿತ್ತಲು ಏನೂ ಉಳಿಯುವುದಿಲ್ಲ.

ಸಮುದ್ರದ ಮೀನು ಈ ಎರಡರಲ್ಲಿ ಯಾವ ಬಗೆಯ ಸಂಪತ್ತು? ಪ್ರಶ್ನೆ ಸುಲಭವೆಂದು ತೋರಬಹುದು. ಆದರೆ ಬಹುಕಾಲ ವಿದ್ವಾಂಸರು ಸಹ ಮೀನನ್ನು ಇವೆರಡಕ್ಕೂ ಸೇರದ ಮೂರನೆಯ ಬಗೆಯ ಸಂಪತ್ತೆಂದೇ ಭಾವಿಸಿದ್ದರು. ಎಷ್ಟು ತೆಗೆದರೂ ಮುಗಿಯದ ಅಕ್ಷಯಪಾತ್ರೆಯೆಂದು ತಿಳಿದಿದ್ದರು. 1883ರಲ್ಲಿ ಲಂಡನಿನಲ್ಲಿ ನಡೆದ ಮೀನುಗಾರಿಕೆಯ ಪ್ರದರ್ಶನದ ಸಂದರ್ಭದಲ್ಲಿ ಪ್ರಸಿದ್ಧ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿಯವರು, ದೊಡ್ಡ ಸಮುದ್ರಗಳ ಮೀನುಗಳು ಬಹುಶಃ ಎಂದಿಗೂ ಬರಿದಾಗವೆಂಬ ಅಭಿಪ್ರಾಯವನ್ನು ಸೂಚಿಸಿದರು. ಹಾಯಿ ಹಡಗುಗಳ ಮತ್ತು ಕೈಬಲೆಗಳ ಕಾಲದಲ್ಲಿ ಆ ಮಾತು ತಪ್ಪಾಗಿ ಕಾಣಲಿಲ್ಲ. ಎಂಜಿನ್ ಹಡಗು, ನೈಲಾನ್ ಬಲೆ, ಮಂಜುಗಡ್ಡೆ, ಮೀನಿನ ಹಿಂಡನ್ನು ಧ್ವನಿಯಿಂದ ಪತ್ತೆಹಚ್ಚುವ ಯಂತ್ರ ಇವು ಬಂದ ಮೇಲೆ ಸಮುದ್ರವೂ ಒಂದು ಹೊಲದಂತೆಯೇ ಎಂಬುದು ಮನವರಿಕೆಯಾಯಿತು. ಅಲ್ಲಿಯೂ ಬೀಜವನ್ನು ಎತ್ತಿಡಬೇಕು.

ಹೀಗೆ ಎತ್ತಿಡುವುದಕ್ಕೆ ಇಂದು ಮುಖ್ಯವಾಗಿ ಎರಡು ಉಪಾಯಗಳು ಬಳಕೆಯಲ್ಲಿವೆ. ವರ್ಷದ ಕೆಲವು ಕಾಲ ಮೀನು ಹಿಡಿಯುವುದನ್ನೇ ನಿಲ್ಲಿಸುವುದು ಒಂದು. ವರ್ಷಕ್ಕೆ ಇಷ್ಟು ಟನ್ನಿಗಿಂತ ಹೆಚ್ಚು ಹಿಡಿಯಬಾರದೆಂದು ಕೋಟಾ ನಿಗದಿಪಡಿಸುವುದು ಎರಡನೆಯದು. ಮೊದಲನೆಯದನ್ನು ನಮ್ಮ ಕರಾವಳಿಯಲ್ಲಿಯೂ, ಎರಡನೆಯದನ್ನು ಟ್ಯೂನಾ ಮೀನಿನ ವ್ಯಾಪಾರದಲ್ಲಿಯೂ ಸ್ಪಷ್ಟವಾಗಿ ಕಾಣಬಹುದು. ಈ ಎರಡು ಉಪಾಯಗಳು ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಬಡ್ಡಿಯ ಲೆಕ್ಕ

ಮೊದಲು ಒಂದು ಸರಳ ಲೆಕ್ಕವನ್ನು ಮಾಡೋಣ. ಒಂದು ದೊಡ್ಡ ಸರೋವರವಿದೆಯೆಂದು ಊಹಿಸಿಕೊಳ್ಳಿ. ಅಲ್ಲಿ ದೊರೆಯುವ ಆಹಾರಕ್ಕೂ ಸ್ಥಳಕ್ಕೂ ಹೆಚ್ಚೆಂದರೆ 1,000 ಕ್ವಿಂಟಲ್ ಮೀನು ಬದುಕಬಲ್ಲದು. ಸರೋವರ ತುಂಬಿ ತುಳುಕುತ್ತಿರುವಾಗ ಹುಟ್ಟುವಷ್ಟೇ ಮೀನು ಸಾಯುತ್ತದೆ, ಒಟ್ಟಿನಲ್ಲಿ ವೃದ್ಧಿಯಿಲ್ಲ. ಮೀನು ತೀರ ಕಡಮೆಯಿರುವಾಗ ಪ್ರತಿಯೊಂದು ಮೀನಿಗೂ ಆಹಾರ ಹೇರಳ, ಆದರೆ ಮೊಟ್ಟೆಯಿಡುವ ತಾಯಿಮೀನುಗಳೇ ಕೆಲವು. ಆಗಲೂ ಒಟ್ಟು ವೃದ್ಧಿ ಅಲ್ಪ. ಇವೆರಡರ ನಡುವೆ ವೃದ್ಧಿಯು ಅತ್ಯಧಿಕವಾಗಿರುವ ಒಂದು ಸ್ಥಿತಿ ಇರಲೇಬೇಕು. ಸಂಖ್ಯೆ ವಿರಳವಾಗಿರುವಾಗ ಮೀನು ವರ್ಷಕ್ಕೆ ನೂರಕ್ಕೆ 40ರಂತೆ ಹೆಚ್ಚುತ್ತದೆಂದೂ, ಸರೋವರ ತುಂಬುತ್ತ ಬಂದಂತೆ ಈ ದರ ಅದೇ ಪ್ರಮಾಣದಲ್ಲಿ ಇಳಿಯುತ್ತದೆಂದೂ ಇಟ್ಟುಕೊಂಡರೆ ಕೆಳಗಿನ ಪಟ್ಟಿ ದೊರೆಯುತ್ತದೆ.

ಇರುವ ಮೀನು 100 ಕ್ವಿಂಟಲ್: ವರ್ಷದ ವೃದ್ಧಿ 36 ಕ್ವಿಂಟಲ್
ಇರುವ ಮೀನು 250 ಕ್ವಿಂಟಲ್: ವರ್ಷದ ವೃದ್ಧಿ 75 ಕ್ವಿಂಟಲ್
ಇರುವ ಮೀನು 500 ಕ್ವಿಂಟಲ್: ವರ್ಷದ ವೃದ್ಧಿ 100 ಕ್ವಿಂಟಲ್
ಇರುವ ಮೀನು 750 ಕ್ವಿಂಟಲ್: ವರ್ಷದ ವೃದ್ಧಿ 75 ಕ್ವಿಂಟಲ್
ಇರುವ ಮೀನು 1,000 ಕ್ವಿಂಟಲ್: ವೃದ್ಧಿ ಇಲ್ಲ

ಇರುವ ಮೀನು ಅಸಲು. ವರ್ಷದ ವೃದ್ಧಿಯೇ ಬಡ್ಡಿ. 500 ಕ್ವಿಂಟಲ್ ಅಸಲನ್ನು ಉಳಿಸಿಕೊಂಡು ವರ್ಷಕ್ಕೆ 100 ಕ್ವಿಂಟಲಿನಂತೆ ತೆಗೆದರೆ ನಮ್ಮ ಮೊಮ್ಮಕ್ಕಳ ಕಾಲದಲ್ಲಿಯೂ ಸರೋವರದಲ್ಲಿ 500 ಕ್ವಿಂಟಲ್ ಮೀನು ಇದ್ದೇ ಇರುತ್ತದೆ. ಹಾಗಾದರೆ 110 ಕ್ವಿಂಟಲ್ ತೆಗೆದರೇನಾಗುವುದು? ಹೆಚ್ಚು ತೆಗೆದದ್ದು ಹತ್ತೇ ಕ್ವಿಂಟಲ್. ಮೊದಲ ವರ್ಷದ ಕೊನೆಗೆ 490 ಉಳಿಯಿತು. ಎರಡನೆಯ ವರ್ಷದ ಕೊನೆಗೆ ಸುಮಾರು 480. ಯಾರಿಗೂ ಇದು ಗಮನಕ್ಕೆ ಬರುವುದಿಲ್ಲ. ಹತ್ತನೆಯ ವರ್ಷದ ಕೊನೆಗೆ ಸುಮಾರು 387 ಇರುತ್ತದೆ. ಬಲೆಗಳು ಇನ್ನೂ ತುಂಬುತ್ತಲೇ ಇವೆ. ಆದರೆ ಅಸಲು ಕರಗಿದಂತೆಲ್ಲ ಬಡ್ಡಿಯೂ ಕಡಮೆಯಾಗುತ್ತದೆ, ಬಡ್ಡಿ ಕಡಮೆಯಾದಂತೆಲ್ಲ ಅಸಲು ಇನ್ನೂ ಬೇಗ ಕರಗುತ್ತದೆ. ಇಪ್ಪತ್ತನೆಯ ವರ್ಷದ ಕೊನೆಗೆ ಉಳಿಯುವುದು 89 ಕ್ವಿಂಟಲ್ ಮಾತ್ರ. ಇಪ್ಪತ್ತೊಂದನೆಯ ವರ್ಷದ ಕೊನೆಗೆ ಉಳಿಯುವುದು ಹೆಚ್ಚು ಕಡಮೆ 12. ಇಪ್ಪತ್ತೆರಡನೆಯ ವರ್ಷ 110 ಕ್ವಿಂಟಲನ್ನು ಎಲ್ಲಿಂದ ತರುವುದು?

ವಿದ್ಯಾರ್ಥಿಗಳು ಈ ಲೆಕ್ಕವನ್ನು ಕಾಗದದ ಮೇಲೆ ತಾವೇ ಮಾಡಿನೋಡಬಹುದು. ಕೆಡುಕು ಮೊದಲ ಹತ್ತು ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ಕೊನೆಯ ಮೂರು ವರ್ಷಗಳಲ್ಲಿ ಓಡಿ ಬರುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ಬಹುಪಾಲು ಅಸಲು ಹೋಗಿರುತ್ತದೆ. ಮೀನುಗಾರಿಕೆಯ ವಿಜ್ಞಾನಕ್ಕೆ ಇಷ್ಟೊಂದು ಮಹತ್ವ ಬಂದುದು ಇದರಿಂದಲೇ.

ಈ ಬಗೆಯ ಲೆಕ್ಕವನ್ನು ಟ್ಯೂನಾ ಮೀನಿಗೆ ಮೊದಲು ಅನ್ವಯಿಸಿದವರು ಮಿಲ್ನರ್ ಶೇಫರ್ ಎಂಬ ಅಮೆರಿಕದ ವಿಜ್ಞಾನಿ. ಪೂರ್ವ ಪೆಸಿಫಿಕ್ ಸಾಗರದ ಟ್ಯೂನಾವನ್ನು ಅಧ್ಯಯನಮಾಡಲು ಅಮೆರಿಕ ಮತ್ತು ಕೋಸ್ಟರಿಕ ದೇಶಗಳು 1949ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಒಂದು ಆಯೋಗ ಹುಟ್ಟಿತು. ಶೇಫರರು ಅಲ್ಲಿ ಕೆಲಸಮಾಡುತ್ತ 1954 ಮತ್ತು 1957ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ, ಹಡಗುಗಳ ಹಿಡಿಯುವ ಶ್ರಮ ಎಷ್ಟು, ಸಿಕ್ಕ ಮೀನು ಎಷ್ಟು ಎಂಬ ದಾಖಲೆಗಳಿಂದಲೇ ಸಮುದ್ರದೊಳಗಿನ ಅಸಲನ್ನೂ ಬಡ್ಡಿಯನ್ನೂ ಅಂದಾಜು ಮಾಡುವ ವಿಧಾನವನ್ನು ತೋರಿಸಿಕೊಟ್ಟರು. ನಿಜವಾದ ಸಮುದ್ರ ನಮ್ಮ ಸರೋವರದಷ್ಟು ಸರಳವಲ್ಲ. ನೀರಿನ ಉಷ್ಣತೆ, ಪ್ರವಾಹ, ಆಹಾರ ಇವು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಬಡ್ಡಿಯ ದರವೂ ಅದರೊಡನೆ ಏರಿಳಿಯುತ್ತದೆ. ಆದುದರಿಂದ ಲೆಕ್ಕವು ತೋರಿಸುವ ಕಟ್ಟಕಡೆಯ ಅಂಚಿನವರೆಗೆ ಹೋಗದೆ ಸ್ವಲ್ಪ ಒಳಗೇ ನಿಲ್ಲುವುದು ವಿವೇಕ.

ಒಬ್ಬನೇ ಏಕೆ ನಿಲ್ಲಿಸಲಾರ?

ರೈತನಿಗೆ ಬೀಜವನ್ನು ಎತ್ತಿಡೆಂದು ಕಾನೂನು ಹೇಳಬೇಕಾಗಿಲ್ಲ. ಹೊಲ ಅವನದು, ಎತ್ತಿಟ್ಟ ಬೀಜದ ಫಲವೂ ಅವನಿಗೇ. ಸಮುದ್ರದ ಸ್ಥಿತಿ ಊರಿನ ಗಾಯರಾಣದಂತೆ. ಎಲ್ಲರ ದನಗಳೂ ಮೇಯುವ ನೆಲದಲ್ಲಿ ಒಬ್ಬನು ತನ್ನ ಎರಡು ಎಮ್ಮೆಗಳನ್ನು ಮನೆಯಲ್ಲಿ ಕಟ್ಟಿದರೆ ಹುಲ್ಲು ಉಳಿಯುವುದಿಲ್ಲ. ನೆರೆಯವನ ಎಮ್ಮೆ ಅದನ್ನು ತಿನ್ನುತ್ತದೆ. ಅಂತೆಯೇ ಒಬ್ಬ ಮೀನುಗಾರನು ಎಳೆಯ ಮೀನನ್ನು ಬಿಟ್ಟುಬಿಟ್ಟರೆ ಅದು ಮರುದಿನ ಬೇರೊಬ್ಬನ ಬಲೆಗೆ ಬೀಳುತ್ತದೆ. ತ್ಯಾಗ ಒಬ್ಬನದು, ಲಾಭ ಇನ್ನೊಬ್ಬನದು. ಹೀಗಿರುವಲ್ಲಿ ದುರಾಶೆಯಿಲ್ಲದ ಮನುಷ್ಯನೂ ಸಾಲದ ಕಂತನ್ನು ಕಟ್ಟುವುದಕ್ಕಾಗಿ ಇತರರಷ್ಟೇ ಹಿಡಿಯಬೇಕಾಗುತ್ತದೆ. ಕೆನಡಾದ ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ನರು 1954ರಲ್ಲಿ ಈ ಸಂಗತಿಯನ್ನು ಶಾಸ್ತ್ರೀಯವಾಗಿ ವಿವರಿಸಿದರು. ಎಲ್ಲರೂ ಒಟ್ಟಿಗೆ ನಿಂತರೆ ಮಾತ್ರ ನಿಂತದ್ದಕ್ಕೆ ಅರ್ಥವುಂಟು. ನಿಷೇಧದ ಅವಧಿ ಮತ್ತು ಕೋಟಾ ಎಂಬ ಎರಡೂ ಉಪಾಯಗಳ ಮೂಲ ಇದೇ ಆಗಿದೆ.

ನಮ್ಮ ಕರಾವಳಿಯ ರಜೆ

ಕರ್ನಾಟಕದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರಚಾಲಿತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಂಗಳೂರು, ಮಲ್ಪೆ, ಕಾರವಾರಗಳ ಬಂದರುಗಳಲ್ಲಿ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ. ಬಲೆ ನೇಯುವ, ಎಂಜಿನ್ ದುರಸ್ತಿ ಮಾಡುವ, ಬಣ್ಣ ಹಚ್ಚುವ ಕೆಲಸಗಳು ನಡೆಯುತ್ತವೆ. ಯಂತ್ರವಿಲ್ಲದ ನಾಡದೋಣಿಗಳಿಗೂ 10 ಅಶ್ವಶಕ್ತಿಯವರೆಗಿನ ಎಂಜಿನ್ನುಳ್ಳ ದೋಣಿಗಳಿಗೂ ಇದರಿಂದ ವಿನಾಯಿತಿಯುಂಟು. ಕರಾವಳಿಯಿಂದ 12 ನಾಟಿಕಲ್ ಮೈಲಿಗಳವರೆಗಿನ ನೀರು ರಾಜ್ಯದ ಆಡಳಿತಕ್ಕೆ ಸೇರಿದೆ. ಇಲ್ಲಿ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಅಧಿನಿಯಮವು ಜಾರಿಯಲ್ಲಿದೆ. ಅದರಾಚೆಗಿನ ನೀರಿಗೆ ಕೇಂದ್ರ ಸರಕಾರವು ಆದೇಶ ಹೊರಡಿಸುತ್ತದೆ. ಪೂರ್ವ ಕರಾವಳಿಯಲ್ಲಿ ಈ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಕೇರಳದಲ್ಲಿ ಮುಂಗಾರಿನ ಟ್ರಾಲ್ ನಿಷೇಧವು 1988ರಲ್ಲಿಯೇ ಆರಂಭವಾಯಿತು.

ಮಳೆಗಾಲವನ್ನೇ ಏಕೆ ಆರಿಸಬೇಕು? ಕಡಲು ಪ್ರಕ್ಷುಬ್ಧವಾಗಿರುವುದರಿಂದ ಜೀವಕ್ಕೆ ಅಪಾಯವೆಂಬುದು ಒಂದು ಕಾರಣ. ಅದಕ್ಕಿಂತ ಸ್ವಾರಸ್ಯವಾದ ಕಾರಣ ನೀರಿನೊಳಗಿದೆ. ನೈರುತ್ಯ ಮಾರುತದ ಕಾಲದಲ್ಲಿ ಪಶ್ಚಿಮ ಕರಾವಳಿಯ ಮೇಲ್ಪದರದ ನೀರು ದಡದಿಂದ ದೂರ ಸರಿಯುತ್ತದೆ. ಆ ಸ್ಥಳವನ್ನು ತುಂಬಲು ಆಳದ ತಣ್ಣೀರು ಮೇಲಕ್ಕೇರುತ್ತದೆ. ತಳದಲ್ಲಿ ಕೊಳೆತು ಸಂಗ್ರಹವಾಗಿದ್ದ ಸಾರವು ಆ ನೀರಿನೊಡನೆ ಮೇಲೆ ಬಂದು ಬಿಸಿಲಿಗೆ ಸಿಕ್ಕಿದಾಗ ಸೂಕ್ಷ್ಮ ಸಸ್ಯಗಳು ಅಪಾರವಾಗಿ ಬೆಳೆಯುತ್ತವೆ. ಹೊಲಕ್ಕೆ ಗೊಬ್ಬರ ಹಾಕಿ ಮಳೆ ಬಿದ್ದಂತೆಯೇ ಇದು. ಈ ಆಹಾರದ ಸುಗ್ಗಿಯನ್ನು ನೆಚ್ಚಿಕೊಂಡು ಬೂತಾಯಿ, ಬಂಗುಡೆ ಮುಂತಾದ ಮೀನುಗಳಲ್ಲಿ ಅನೇಕವು ಮುಂಗಾರಿನ ಸುಮಾರಿನಲ್ಲಿಯೇ ಮೊಟ್ಟೆಯಿಡುತ್ತವೆ. ಹೊಟ್ಟೆತುಂಬ ಮೊಟ್ಟೆಯಿರುವ ಒಂದು ತಾಯಿಮೀನನ್ನು ಜೂನ್ ತಿಂಗಳಲ್ಲಿ ಹಿಡಿದರೆ ನಷ್ಟವಾಗುವುದು ಒಂದು ಮೀನಲ್ಲ. ಅದೇ ಮೀನನ್ನು ಸೆಪ್ಟೆಂಬರಿನಲ್ಲಿ ಹಿಡಿದರೆ ಅದು ತನ್ನ ಕೆಲಸ ಮುಗಿಸಿರುತ್ತದೆ.

ನಿಷೇಧದ ಅವಧಿಯ ದೊಡ್ಡ ಗುಣವೆಂದರೆ ಅದರ ಸರಳತೆ. ನಮ್ಮ ಕಡಲಿನಲ್ಲಿ ಒಂದು ಟ್ರಾಲ್ ಬಲೆಯನ್ನು ಎಳೆದರೆ ಹತ್ತಾರು ಜಾತಿಯ ಮೀನು, ಸೀಗಡಿ, ಬೊಂಡಾಸ ಎಲ್ಲವೂ ಒಟ್ಟಿಗೆ ಬರುತ್ತವೆ. ಪ್ರತಿಯೊಂದು ಜಾತಿಗೂ ಇಷ್ಟು ಟನ್ನೆಂದು ಕೋಟಾ ಹಾಕಿದರೆ ತೂಗುವವರಾರು, ಬರೆದಿಡುವವರಾರು? ಸಣ್ಣ ದೋಣಿಗಳು ಸಾವಿರಾರು. ಮೀನು ಇಳಿಸುವ ದಡಗಳು ಹಲವು. ಆದರೆ ರಜೆಯ ದಿನ ದೋಣಿ ಕಡಲಿಗಿಳಿದಿದೆಯೋ ಇಲ್ಲವೋ ಎಂಬುದನ್ನು ದಡದಲ್ಲಿ ನಿಂತ ಯಾರಾದರೂ ಹೇಳಬಹುದು.

ರಜೆಯೊಂದೇ ಸಾಕೆ?

ಸಾಲದು ಎಂಬುದಕ್ಕೆ ಬೂತಾಯಿಯ ಕಥೆಯೇ ಸಾಕ್ಷಿ. ಉತ್ತರ ಕನ್ನಡದಲ್ಲಿ ತಾರ್ಲಿ ಎಂದು ಕರೆಯುವ ಈ ಮೀನು ಬಡವರ ಊಟದ ಮೀನು. ಇದರ ಆಯುಷ್ಯ ಹೆಚ್ಚೆಂದರೆ ಎರಡೂವರೆ ವರ್ಷ. ಒಂದು ವರ್ಷ ಮರಿಗಳು ಉಳಿಯದಿದ್ದರೆ ಮರುವರ್ಷವೇ ಬಲೆ ಬರಿದಾಗುತ್ತದೆ. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾಲಯದ ಅಂದಾಜಿನಂತೆ ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದಡ ಸೇರಿತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್ ಮಾತ್ರ. ಈ ಎರಡು ವರ್ಷಗಳಲ್ಲಿಯೂ ಮುಂಗಾರಿನ ನಿಷೇಧ ಜಾರಿಯಲ್ಲಿತ್ತೆಂಬುದನ್ನು ಮರೆಯಬಾರದು.

ಹಾಗಾದರೆ ಕೊರತೆ ಎಲ್ಲಿ? ಕಡಲಿನ ಉಷ್ಣತೆಯಲ್ಲಿ ಆದ ಏರುಪೇರು ಒಂದು ಕಾರಣ. 2015ರ ಸುಮಾರಿನ ಪ್ರಬಲ ಎಲ್ ನಿನೊ ಬೂತಾಯಿಗೆ ಅನುಕೂಲವಾಗಲಿಲ್ಲ. ಇದಕ್ಕೆ ಮುಂಚೆ ಹೇರಳವಾಗಿ ಸಿಕ್ಕ ವರ್ಷಗಳಲ್ಲಿ ಎಳೆಯ ಮೀನುಗಳನ್ನು ಸಹ ಗೋರಿ ತೆಗೆದದ್ದು ಇನ್ನೊಂದು. ಎರಡು ತಿಂಗಳ ರಜೆ ಉಳಿದ ಹತ್ತು ತಿಂಗಳ ಹಿಡಿತವನ್ನು ತಡೆಯುವುದಿಲ್ಲ. ಹಿಂದೆ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಗೆ ಮೀನು ತಾನಾಗಿ ದಡದ ಬಳಿ ಬರಬೇಕಾಗಿತ್ತು. 1970ರ ದಶಕದ ನಡುವೆ ಪರ್ಸೀನ್ ಬಲೆಗಳು ಬಂದಮೇಲೆ ದೋಣಿಯೇ ಹಿಂಡನ್ನು ಹುಡುಕಿಕೊಂಡು ಹೋಗತೊಡಗಿತು. ಅನಂತರ ದೋಣಿಗಳು ದೊಡ್ಡವಾದುವು, ಎಂಜಿನ್‌ಗಳ ಬಲ ಹೆಚ್ಚಿತು. ರಾತ್ರಿ ಪ್ರಖರ ವಿದ್ಯುದ್ದೀಪ ಹಾಕಿ ಮೀನನ್ನು ಸೆಳೆಯುವ ಪದ್ಧತಿ ಬಂತು. ಇದನ್ನು ಕೇಂದ್ರ ಸರಕಾರವು 2017ರಲ್ಲಿ ನಿಷೇಧಿಸಿತು. ರಜೆಯ ದಿನಗಳ ಎಣಿಕೆ ಮೊದಲಿನಷ್ಟೇ ಇದ್ದು ಉಳಿದ ದಿನಗಳ ಒಂದೊಂದು ದಿನದ ಹಿಡಿತ ಎರಡರಷ್ಟಾದರೆ ರಜೆಯ ಪ್ರಯೋಜನ ಬಹುಮಟ್ಟಿಗೆ ಕರಗಿಹೋಗುತ್ತದೆ. ಆದುದರಿಂದಲೇ ಬಲೆಯ ಕಣ್ಣಿನ ಅಳತೆ, ಮಾರಾಟಕ್ಕೆ ತರಬಹುದಾದ ಮೀನಿನ ಕನಿಷ್ಠ ಉದ್ದ, ದೋಣಿಗಳ ಸಂಖ್ಯೆ ಮುಂತಾದ ನಿಬಂಧನೆಗಳನ್ನೂ ರಜೆಯೊಡನೆ ಜೋಡಿಸಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ.

ಗಡಿಯರಿಯದ ಮೀನು

ಇನ್ನು ಟ್ಯೂನಾದ ಕಡೆಗೆ ತಿರುಗೋಣ. ನಮ್ಮ ಕರಾವಳಿಯಲ್ಲಿ ಇದನ್ನು ಕೇದರ ಎನ್ನುವುದುಂಟು. ಇದು ಬಂಗುಡೆಯ ಬಂಧು. ಬೂತಾಯಿಯಂತೆ ಕರಾವಳಿಗೆ ಅಂಟಿಕೊಂಡು ಬಾಳುವ ಮೀನಲ್ಲ. ಅನೇಕ ಮೀನುಗಳು ನಿಂತಲ್ಲಿಯೇ ಕಿವಿರಿನ ಮೂಲಕ ನೀರನ್ನು ತಳ್ಳಿಕೊಂಡು ಉಸಿರಾಡಬಲ್ಲವು. ಟ್ಯೂನಾ ಹಾಗೆ ಮಾಡಲಾರದು. ಬಾಯಿ ತೆರೆದುಕೊಂಡು ಮುಂದಕ್ಕೆ ಈಜುತ್ತಿದ್ದರೆ ಮಾತ್ರ ಅದಕ್ಕೆ ಬೇಕಾದ ಆಮ್ಲಜನಕ ದೊರೆಯುತ್ತದೆ. ಹುಟ್ಟಿದಂದಿನಿಂದ ಸಾಯುವವರೆಗೆ ಅದಕ್ಕೆ ಈಜುವುದೇ ಬಾಳು. ದೊಡ್ಡ ಜಾತಿಗಳು ಒಂದು ಸಾಗರವನ್ನೇ ದಾಟುತ್ತವೆ. ಒಂದು ದೇಶದ ನೀರಿನಲ್ಲಿ ಹುಟ್ಟಿ ಇನ್ನೊಂದರಲ್ಲಿ ಬೆಳೆದು ಮೂರನೆಯದರಲ್ಲಿ ಬಲೆಗೆ ಬೀಳುವ ಮೀನಿಗೆ ಒಂದೇ ದೇಶ ರಜೆ ಕೊಟ್ಟರೆ ಪ್ರಯೋಜನವೇನು? ಆದುದರಿಂದ ಟ್ಯೂನಾದ ಆಡಳಿತವನ್ನು ಆಯಾ ಸಾಗರದ ಅಂತರರಾಷ್ಟ್ರೀಯ ಆಯೋಗಗಳು ನೋಡಿಕೊಳ್ಳುತ್ತವೆ. ಹಿಂದೂ ಮಹಾಸಾಗರದ ಟ್ಯೂನಾ ಆಯೋಗವು 1996ರಲ್ಲಿ ಅಸ್ತಿತ್ವಕ್ಕೆ ಬಂತು. ಅದರ ಕಚೇರಿ ಸೆಶೆಲ್ಸ್ ದ್ವೀಪಗಳ ರಾಜಧಾನಿ ವಿಕ್ಟೋರಿಯದಲ್ಲಿದೆ. ಭಾರತವೂ ಇದರ ಸದಸ್ಯ.

ಕೋಟಾದ ಮೊದಲ ಪಾಠವನ್ನು ಕಲಿಸಿದ್ದು ಶೇಫರರು ಕೆಲಸಮಾಡಿದ ಪೂರ್ವ ಪೆಸಿಫಿಕ್. ಅಲ್ಲಿ ಹಳದಿ ರೆಕ್ಕೆಯ ಟ್ಯೂನಾಕ್ಕೆ 1966ರಲ್ಲಿ ವಾರ್ಷಿಕ ಕೋಟಾ ಜಾರಿಗೆ ಬಂತು. ನಿಯಮವು ಸರಳವಾಗಿತ್ತು: ಎಲ್ಲ ಹಡಗುಗಳೂ ಹಿಡಿಯಲಿ, ಒಟ್ಟು ಮೊತ್ತ ತುಂಬುವ ಹೊತ್ತಿಗೆ ಎಲ್ಲರೂ ನಿಲ್ಲಿಸಲಿ. ಯಾರ ಪಾಲು ಎಷ್ಟೆಂದು ಮಾತ್ರ ಗೊತ್ತುಪಡಿಸಿರಲಿಲ್ಲ. ಪರಿಣಾಮವೇನಾಯಿತು? ಪಂಕ್ತಿಯಲ್ಲಿ ಬಡಿಸಿದ ಅನ್ನಕ್ಕೆ ಯಾರು ಬೇಗ ಕೈಹಾಕುತ್ತಾರೋ ಅವರಿಗೇ ಹೆಚ್ಚೆಂಬಂತಾಯಿತು. ಎಲ್ಲರೂ ಹೆಚ್ಚು ವೇಗದ, ಹೆಚ್ಚು ದೊಡ್ಡ ಹಡಗುಗಳನ್ನು ಕಟ್ಟಿದರು. 1966ರಲ್ಲಿ ಸೆಪ್ಟೆಂಬರಿನವರೆಗೆ ಬಂದಿದ್ದ ಋತುವು 1970ರ ದಶಕದ ಆರಂಭದ ವೇಳೆಗೆ ಮಾರ್ಚ್ ತಿಂಗಳಲ್ಲೇ ಮುಗಿದುಹೋಗತೊಡಗಿತು. ಮೀನು ಉಳಿಯಿತೇನೋ ಸರಿ, ಆದರೆ ಅಪಾರ ಹಣ ಸುರಿದು ಕಟ್ಟಿದ ಹಡಗುಗಳಿಗೆ ಆ ನೀರಿನಲ್ಲಿ ವರ್ಷದ ಬಹುಕಾಲ ಕೆಲಸವಿಲ್ಲದಾಯಿತು. 1979ರ ಬಳಿಕ ಈ ಕೋಟಾ ನಿಂತುಹೋಯಿತು. ಮುಂದೆ ಅದೇ ಆಯೋಗವು ನಿಷೇಧದ ಅವಧಿಯ ದಾರಿಗೆ ಬಂದು, 2018ರಿಂದ 2024ರವರೆಗೆ ದೊಡ್ಡ ಪರ್ಸೀನ್ ಹಡಗುಗಳು ವರ್ಷಕ್ಕೆ 72 ದಿನ ಬಲೆ ಹಾಕದೆ ನಿಲ್ಲಬೇಕೆಂದು ವಿಧಿಸಿತು.

ಎರಡನೆಯ ಪಾಠ ಅಟ್ಲಾಂಟಿಕ್ ಸಾಗರದ್ದು. ಅಲ್ಲಿನ ನೀಲಿ ರೆಕ್ಕೆಯ ಟ್ಯೂನಾ ನೂರಾರು ಕಿಲೋ ತೂಗುವ ದೈತ್ಯ. ಹತ್ತಾರು ವರ್ಷ ಬದುಕುತ್ತದೆ. ಪೂರ್ವ ಭಾಗದಲ್ಲಿ ಅದು ಮೇ ತಿಂಗಳಿಂದ ಜುಲೈವರೆಗೆ ಮೆಡಿಟರೇನಿಯನ್ ಸಮುದ್ರದಲ್ಲಿ ಮೊಟ್ಟೆಯಿಡುತ್ತದೆ. ಹಿಂಡುಗಳು ಒಂದೆಡೆ ಸೇರುವ ಆ ಕಾಲದಲ್ಲಿಯೇ ಹಡಗುಗಳು ಕಾದು ಕುಳಿತು ಹಿಡಿಯುತ್ತಿದ್ದುವು. ವರ್ಷಕ್ಕೆ 15,000 ಟನ್ನಿಗಿಂತ ಹೆಚ್ಚು ತೆಗೆಯಬಾರದೆಂದು ವಿಜ್ಞಾನಿಗಳು ಹೇಳಿದರೂ ಸರಕಾರಗಳು ಕೂಡಿ 2007ಕ್ಕೆ ನಿಗದಿಪಡಿಸಿದ್ದು 29,500 ಟನ್. ವಾಸ್ತವವಾಗಿ ಆ ವರ್ಷ ಹಿಡಿದದ್ದು ಸುಮಾರು 61,000 ಟನ್ನೆಂದು ವಿಜ್ಞಾನಿಗಳು ಅಂದಾಜು ಮಾಡಿದರು. ಅಂದರೆ ಸಲಹೆಯ ನಾಲ್ಕರಷ್ಟು. ಈ ಮೀನಿನ ಸಂತತಿಯೇ ಅಳಿದೀತೆಂಬ ಭಯ ಹುಟ್ಟಿ ಲೋಕದ ಗಮನ ಅತ್ತ ಹರಿದ ಮೇಲೆ ಕೋಟಾವನ್ನು 2010ಕ್ಕೆ 13,500ಕ್ಕೂ 2011ಕ್ಕೆ 12,900ಕ್ಕೂ ಇಳಿಸಲಾಯಿತು. ಪರ್ಸೀನ್ ಹಡಗುಗಳಿಗೆ ವರ್ಷದಲ್ಲಿ ಸುಮಾರು ಒಂದು ತಿಂಗಳು ಮಾತ್ರ ಅವಕಾಶ ಉಳಿಯಿತು. ಕೆಲವು ವಿನಾಯಿತಿಗಳನ್ನು ಬಿಟ್ಟರೆ 30 ಕಿಲೋಗಿಂತ ಕಡಮೆ ತೂಕದ ಮೀನನ್ನು ಹಿಡಿಯುವಂತಿಲ್ಲ. ಹಡಗಿನ ಮೇಲೆ ವೀಕ್ಷಕರು ಬಂದರು. ಪ್ರತಿಯೊಂದು ಹಿಡಿತಕ್ಕೂ ಕಾಗದಪತ್ರ ಕಡ್ಡಾಯವಾಯಿತು. ಹತ್ತು ವರ್ಷ ಕಳೆಯುವುದರೊಳಗೆ ಮೀನು ಚೇತರಿಸಿಕೊಂಡಿತು. 2020ರ ವೇಳೆಗೆ ಕೋಟಾವನ್ನು 36,000 ಟನ್ನಿಗೆ ಏರಿಸಲು ಸಾಧ್ಯವಾಯಿತು. 2021ರಲ್ಲಿ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಮೀನನ್ನು ಅಳಿವಿನಂಚಿನ ವರ್ಗದಿಂದ ಕೆಳಗಿಳಿಸಲಾಯಿತು. ರಜೆ, ಕೋಟಾ, ಕನಿಷ್ಠ ತೂಕ, ತನಿಖೆ ಈ ನಾಲ್ಕೂ ಒಟ್ಟಿಗೆ ಸೇರಿದಾಗ ಏನಾಗಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಯಾರ ಪಾಲು ಎಷ್ಟು?

ಮೂರನೆಯ ಪಾಠ ನಮ್ಮ ಹಿಂದೂ ಮಹಾಸಾಗರದ್ದು. ಇಲ್ಲಿ ಪಟ್ಟೆ ಹೊಟ್ಟೆಯ ಸಣ್ಣ ಟ್ಯೂನಾ ಒಂದುಂಟು. ವ್ಯಾಪಾರದಲ್ಲಿ ಸ್ಕಿಪ್‌ಜಾಕ್ ಎನ್ನುತ್ತಾರೆ. ಡಬ್ಬಿಯ ಮೀನಾಗಿ ಪೇಟೆಗೆ ಬರುವುದರಲ್ಲಿ ಇದರ ಪಾಲು ದೊಡ್ಡದು. ಲಕ್ಷದ್ವೀಪದ ಮಿನಿಕಾಯ್ ದ್ವೀಪದವರು ಜೀವಂತ ಮರಿಮೀನುಗಳನ್ನು ನೀರಿಗೆ ಎರಚಿ ಹಿಂಡನ್ನು ಆಕರ್ಷಿಸಿ, ಉದ್ದನೆಯ ಕೋಲಿಗೆ ಕಟ್ಟಿದ ಗಾಳದಿಂದ ಒಂದೊಂದಾಗಿ ಎತ್ತಿಹಾಕುವುದು ಇದನ್ನೇ. ಗಾಳಕ್ಕೆ ಒಂದು ಸಲ ಬೀಳುವುದು ಒಂದೇ ಮೀನು. ಬೇಡದ ಜೀವಿಗಳು ಸಾಯುವುದು ತೀರ ಕಡಮೆ. ಇದೇ ಹಿಂಡನ್ನು ದೂರದೇಶಗಳ ಪರ್ಸೀನ್ ಹಡಗುಗಳು ಒಂದೇ ಬಾರಿಗೆ ಸುತ್ತುವರಿದು ಟನ್ನುಗಟ್ಟಲೆ ಎತ್ತುತ್ತವೆ.

ಸ್ಕಿಪ್‌ಜಾಕಿಗೆ ಎಷ್ಟು ಮಿತಿಯೆಂಬುದನ್ನು ಸೂತ್ರದಿಂದಲೇ ಗೊತ್ತುಪಡಿಸುವ ನಿಯಮವನ್ನು ಆಯೋಗವು 2016ರಲ್ಲಿ ಅಂಗೀಕರಿಸಿತು. ಇದರಂತೆ 2018ರಿಂದ 2020ರವರೆಗೆ ವರ್ಷಕ್ಕೆ 4,70,029 ಟನ್ ಮಿತಿಯಾಯಿತು. ಅಂಕಿಯು ಕೊನೆಯ ಟನ್ನಿನವರೆಗೆ ನಿಖರ. ಆದರೆ ಅದನ್ನು ದೇಶದೇಶಗಳಿಗೆ ಹಂಚಿರಲಿಲ್ಲ. 2018ರಲ್ಲಿಯೇ ಹಿಡಿತವು 6 ಲಕ್ಷ ಟನ್ನನ್ನು ಮೀರಿತು. ಮಿತಿ ಮೀರಿದವರು ಯಾರು? ಪಾಲೇ ಇಲ್ಲದಿರುವಲ್ಲಿ ಯಾರನ್ನೂ ಕೇಳುವಂತಿರಲಿಲ್ಲ. ಅದೃಷ್ಟವಶಾತ್ ಈ ಜಾತಿಯ ಸಂತತಿ ಕುಸಿಯಲಿಲ್ಲ. ಆದರೆ ಅದನ್ನು ನಿಯಮದ ಫಲವೆನ್ನುವಂತಿಲ್ಲ. ದೊಡ್ಡ ಕಣ್ಣಿನ ಟ್ಯೂನಾಕ್ಕೆ 80,583 ಟನ್ನಿನ ಮಿತಿಯನ್ನು ಗೊತ್ತುಮಾಡಿ, ಹೆಚ್ಚು ಹಿಡಿಯುವ ದೇಶಗಳಿಗೆ ಪಾಲು ಹಂಚುವ ನಿರ್ಣಯವು 2023ರಲ್ಲಿ ಆಯಿತು.

ಪಾಲು ಹಂಚುವುದು ಏಕೆ ಇಷ್ಟು ಕಠಿನ? ಇದು ಜೀವವಿಜ್ಞಾನದ ಪ್ರಶ್ನೆಯಾಗಿ ಉಳಿಯದೆ ನ್ಯಾಯದ ಪ್ರಶ್ನೆಯಾಗುತ್ತದೆ. ದಶಕಗಳಿಂದ ದೊಡ್ಡ ಹಡಗುಗಳಲ್ಲಿ ಹಿಡಿಯುತ್ತ ಬಂದ ದೇಶಗಳು, ಹಿಂದೆ ಯಾರು ಎಷ್ಟು ಹಿಡಿದಿದ್ದರೋ ಅದರಂತೆ ಪಾಲು ಕೊಡಿರೆನ್ನುತ್ತವೆ. ಸಾಗರದ ದಡದಲ್ಲಿರುವ ದೇಶಗಳು ಹೇಳುವುದು ಬೇರೆ: ನಮ್ಮಲ್ಲಿ ಹಡಗು ಕಟ್ಟುವ ಹಣ ಇರಲಿಲ್ಲ, ಆದುದರಿಂದ ಕಡಮೆ ಹಿಡಿದೆವು, ಹಿಂದಿನ ಬಡತನವನ್ನೇ ಮುಂದಿನ ಪಾಲಿಗೆ ಅಳತೆಗೋಲು ಮಾಡಬಾರದು. ಸಮುದ್ರ ಕಾನೂನಿನ ಬಗ್ಗೆ 1982ರಲ್ಲಿ ಆದ ವಿಶ್ವಸಂಸ್ಥೆಯ ಒಡಂಬಡಿಕೆಯು ದಡದಿಂದ 200 ನಾಟಿಕಲ್ ಮೈಲಿಗಳವರೆಗಿನ ಸಂಪತ್ತಿನ ಹಕ್ಕನ್ನು ಕರಾವಳಿ ದೇಶಗಳಿಗೆ ಕೊಟ್ಟಿದೆ. ಜೊತೆಗೆ ದೂರ ಸಂಚರಿಸುವ ಮೀನುಗಳ ವಿಷಯದಲ್ಲಿ ಪರಸ್ಪರ ಸಹಕರಿಸಬೇಕೆಂದೂ ವಿಧಿಸಿದೆ. ಹಕ್ಕು ಮತ್ತು ಸಹಕಾರ ಎರಡನ್ನೂ ತೂಗಿನೋಡುವ ಚರ್ಚೆ ಆಯೋಗದ ಸಭೆಗಳಲ್ಲಿ ಇನ್ನೂ ನಡೆಯುತ್ತಲೇ ಇದೆ.

ನಮ್ಮ ಕರಾವಳಿಯ ರಜೆಯಲ್ಲಿಯೂ ಇದೇ ಪ್ರಶ್ನೆ ಚಿಕ್ಕ ಆಕಾರದಲ್ಲಿ ಇದೆ. 61 ದಿನ ದೋಣಿ ನಿಂತರೆ ದೋಣಿಯ ಮಾಲಿಕನು ತಾಳಿಕೊಳ್ಳಬಹುದು. ದಿನಗೂಲಿಯ ಕಲಾಸಿ, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು ಏನು ಮಾಡಬೇಕು? ಮೀನುಗಾರನೂ ಸರಕಾರವೂ ಸೇರಿ ಹಣ ಕೂಡಿಟ್ಟು ರಜೆಯ ತಿಂಗಳುಗಳಲ್ಲಿ ಹಂಚುವ ಉಳಿತಾಯ ಮತ್ತು ಪರಿಹಾರ ಯೋಜನೆ ಇರುವುದು ಇದಕ್ಕಾಗಿಯೇ. ಹಸಿದವನಿಗೆ ಬೀಜವನ್ನು ಎತ್ತಿಡೆಂದು ಬರಿಯ ಬಾಯಿಮಾತಿನಲ್ಲಿ ಹೇಳಿದರೆ ಸಾಲದು.

ನದಿಗೂ ಇದೇ ನ್ಯಾಯ

ಸಮುದ್ರವನ್ನು ನೋಡದ ಊರುಗಳಿಗೂ ಈ ತತ್ತ್ವ ಅನ್ವಯಿಸುತ್ತದೆ. ಸೇಡಂ, ಚಿತ್ತಾಪುರಗಳ ಬಳಿ ಹರಿಯುವ ಕಾಗಿಣಾ, ಚಿಂಚೋಳಿಯ ಮುಲ್ಲಾಮಾರಿ ಮುಂತಾದ ನದಿಗಳು ಬೇಸಗೆಯಲ್ಲಿ ಬಡಕಲಾಗಿ ಮಡುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆ ಮಡುಗಳಲ್ಲಿ ಉಳಿದ ಮೀನುಗಳೇ ಮುಂದಿನ ವರ್ಷದ ಬೀಜ. ಮುಂಗಾರಿನ ಹೊಸನೀರು ಬಂದೊಡನೆ ಅನೇಕ ಜಾತಿಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಏರಿ, ನೀರು ಹರಡಿದ ಆಳವಿಲ್ಲದ ಜಾಗಗಳಲ್ಲಿ ಮೊಟ್ಟೆಯಿಡುತ್ತವೆ. ಆಗ ಅವು ಸುಲಭವಾಗಿ ಕೈಗೆ ಸಿಗುತ್ತವೆ. ಆಗಲೇ ಬಿಡಬೇಕಾದದ್ದೂ ಅಗತ್ಯ. ಸಿಡಿಮದ್ದಿನಿಂದಾಗಲಿ ವಿಷದಿಂದಾಗಲಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವು ಅಪರಾಧವೆಂದು ಸಾರಿತು. ಮದ್ದು ದೊಡ್ಡ ಮೀನನ್ನೂ ಕಾಳಿನಷ್ಟು ಮರಿಯನ್ನೂ ಒಟ್ಟಿಗೆ ಕೊಲ್ಲುತ್ತದೆ. ಅಸಲು ಬಡ್ಡಿ ಎರಡನ್ನೂ ಒಂದೇ ನಿಮಿಷದಲ್ಲಿ ಸುಡುತ್ತದೆ.

ಜಲಾಶಯಗಳ ಮಟ್ಟಿಗೆ ಮನುಷ್ಯನು ಬೇರೊಂದು ದಾರಿಯನ್ನೂ ಕಂಡುಕೊಂಡಿದ್ದಾನೆ. ಕಾಟ್ಲಾ, ರೋಹು, ಮೃಗಾಲ ಮೀನುಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂಥ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಅಂದಿನಿಂದ ಕೆರೆಗೂ ಚಿಂಚೋಳಿಯ ಚಂದ್ರಂಪಳ್ಳಿಯಂಥ ಜಲಾಶಯಗಳಿಗೂ ಬಿಡಬಹುದಾದ ಮರಿಗಳನ್ನು ಕೇಂದ್ರಗಳಲ್ಲಿ ಬೆಳೆಸಲು ದಾರಿಯಾಯಿತು. ಆದರೆ ಕಡಲಿಗೆ ಬೂತಾಯಿಯ ಮರಿಗಳನ್ನು ತಂದು ಬಿತ್ತಿ ಕೊರತೆ ತುಂಬುವ ಉಪಾಯ ನಮ್ಮ ಕೈಯಲ್ಲಿಲ್ಲ. ಅಲ್ಲಿ ಬಿತ್ತುವವನು ಮೀನೇ. ನಾವು ಮಾಡಬಹುದಾದದ್ದು ಅದು ಬಿತ್ತುವವರೆಗೆ ಕಾಯುವುದು, ಬಿತ್ತಿದ್ದಕ್ಕಿಂತ ಹೆಚ್ಚು ಕೊಯ್ಯದಿರುವುದು.

ಇಷ್ಟನ್ನು ಹೀಗೆ ಸಂಗ್ರಹಿಸಬಹುದು. ರಜೆಯು ಯಾವಾಗ ಹಿಡಿಯಬಾರದೆಂಬುದನ್ನು ಹೇಳುತ್ತದೆ, ಎಷ್ಟು ಹಿಡಿಯಬೇಕೆಂಬುದನ್ನು ಹೇಳುವುದಿಲ್ಲ. ಕೋಟಾ ಎಷ್ಟೆಂಬುದನ್ನು ಹೇಳುತ್ತದೆ. ಪಾಲು ಹಂಚದೆ, ತೂಗಿ ನೋಡುವವರಿಲ್ಲದೆ ಹೋದರೆ ಅದು ಕಾಗದದ ಮೇಲಿನ ಅಂಕಿಯಾಗಿ ಉಳಿಯುತ್ತದೆ. ಅನೇಕ ಜಾತಿಯ ಸಣ್ಣ ಮೀನುಗಳೂ ಸಾವಿರಾರು ದೋಣಿಗಳೂ ಇರುವೆಡೆ ರಜೆಯೇ ಮೊದಲ ಹೆಜ್ಜೆ. ಕೆಲವೇ ಜಾತಿಯ ಬೆಲೆಬಾಳುವ ಮೀನು, ಎಣಿಸಬಹುದಾದ ಹಡಗು, ಕೆಲವೇ ಬಂದರುಗಳು ಇರುವೆಡೆ ಕೋಟಾ ಸಾಧ್ಯವಾಗುತ್ತದೆ. ಅಸಲನ್ನು ಮುಟ್ಟಬಾರದೆಂಬ ನಿಯಮ ಮಾತ್ರ ಎರಡು ಕಡೆಗೂ ಒಂದೇ.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

1. ಮೇಲಿನ ಸರೋವರದಲ್ಲಿ ಆರಂಭದಲ್ಲಿ 250 ಕ್ವಿಂಟಲ್ ಮೀನಿದೆ. ಎರಡು ವರ್ಷ ಏನೂ ಹಿಡಿಯದೆ ಬಿಟ್ಟರೆ ಎಷ್ಟಾಗುತ್ತದೆ? ಅಲ್ಲಿಂದ ಮುಂದೆ ವರ್ಷಕ್ಕೆ ಎಷ್ಟು ಹಿಡಿದರೆ ಅಸಲು ಕರಗುವುದಿಲ್ಲ?

2. ಬೂತಾಯಿ ಎರಡೂವರೆ ವರ್ಷ ಬದುಕುತ್ತದೆ, ನೀಲಿ ರೆಕ್ಕೆಯ ಟ್ಯೂನಾ ಹತ್ತಾರು ವರ್ಷ. ಅತಿಯಾಗಿ ಹಿಡಿದಾಗ ಯಾವುದು ಬೇಗ ಕುಸಿಯುತ್ತದೆ, ಯಾವುದು ಬೇಗ ಚೇತರಿಸಿಕೊಳ್ಳುತ್ತದೆ? ಕಾರಣ ಕೊಡಿ.

3. ನಿಮ್ಮ ಊರಿನ ಕೆರೆಯಲ್ಲಿ ಅಥವಾ ನದಿಯ ಮಡುವಿನಲ್ಲಿ ಮೀನು ಹಿಡಿಯುವವರನ್ನು ಕೇಳಿ, ಯಾವ ತಿಂಗಳಲ್ಲಿ ಯಾವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಕಾಣುತ್ತದೆಂಬುದನ್ನು ಒಂದು ವರ್ಷ ಬರೆದಿಡಿ. ಅಲ್ಲಿ ರಜೆಯನ್ನು ಕೊಡಬೇಕಾದರೆ ಯಾವ ತಿಂಗಳುಗಳನ್ನು ಆರಿಸುವಿರಿ?